ನೋಡ್ ನೋಡಿದ ಹತ್ತೊಂಬತ್ತು ದಿನ

ಇವತ್ತು ಮಧ್ಯಾಹ್ನ ನಮ್ಮ ಮನೆಯ ಡಬ್ಬಿ ನೂರಕ್ಕೆ ನೂರು ಆಯಿತು. ಅದನ್ನು ಮೊದಲು ಓದಿದವಳು ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನಾನು. ನಮ್ಮ ಮನೆತನದಲ್ಲಿ ನೂರಕ್ಕೆ ನೂರು ಬಂದದ್ದು ಇದೇ ಮೊದಲು. ಅದೂ ಒಂದು ಡಬ್ಬಿಗೆ.

ಡಬ್ಬಿ ನನ್ನ ಮೊಮ್ಮಗಳದು. ಅವಳಷ್ಟು ವಿಚಿತ್ರದ ಹುಡುಗಿ ಆಳಂದ ತಾಲ್ಲೂಕಿನಲ್ಲಿ ಇನ್ನೊಬ್ಬಳಿದ್ದರೆ ನನಗೆ ತೋರಿಸಿ. ಓರಗೆಯವರು ಸೀರೆ ಅಂಗಡಿಗೆ ಹೋದರೆ ಇವಳು ಚೀಲದ ತುಂಬ ವೈರು ತುಂಬಿಕೊಂಡು ಅಫಜಲಪುರ, ಜೇವರ್ಗಿಯ ಬಸ್ಸು ಹತ್ತುತ್ತಾಳೆ. ಹೊಸಬರ ಮನೆಯಲ್ಲಿ ಇಂಥ ಡಬ್ಬಿ ಕೂರಿಸಿ, ನಡೆಸಲು ಕಲಿಸಿ ಬರುತ್ತಾಳೆ. ಕ್ರಿಪ್ಟೋ ಎನ್ನುವ ಕಣ್ಣಿಗೆ ಕಾಣದ ದುಡ್ಡು ಯಾರಿಂದ ಯಾರಿಗೆ ಹೋಯಿತು ಎಂಬ ಬರಹದ ಪೂರ್ತಿ ನಕಲು ಇಳಿಸಿಕೊಂಡು, ಸಾಲು ಸಾಲನ್ನೂ ತಾನೇ ತಾಳೆ ನೋಡುವ ಸಣ್ಣ ಕಂಪ್ಯೂಟರು ಅದು.

ಅಫಜಲಪುರದ ನಿವೃತ್ತ ಮಾಸ್ತರರೊಬ್ಬರು ಕೇಳಿದರಂತೆ, "ಇದರಿಂದ ತಿಂಗಳಿಗಿ ಏನ್ ಬರ್ತದವ್ವಾ?"

"ಕರೆಂಟ್ ಬಿಲ್ ಬರ್ತದ್ರಿ ಸರ್."

"ಮತ್ಯಾಕ ಇಡಬೇಕು?"

"ಮಂದಿ ಹೇಳಿದ್ದು ನಂಬೂದು ಬಿಟ್ಟು ನೀವೇ ತಾಳೆ ನೋಡಾಕ್ರಿ."

ಮಾಸ್ತರರು ಇಟ್ಟುಕೊಂಡರು. ಜೀವನವಿಡೀ ಉತ್ತರಪತ್ರಿಕೆ ತಿದ್ದಿದವರಿಗೆ ಮನೆಯಲ್ಲಿ ಬೇಸರವಾಗಿತ್ತೇನೋ!

ಆದರೆ ನನ್ನ ಮಗನಿಗೆ, ಅಂದರೆ ಅವಳ ಅಪ್ಪನಿಗೆ, ಇದೆಲ್ಲ ಜೂಜು. "ಮೊದಲ ನಮ್ಮ ಮನ್ಯಾಗ ಒಂದ್ ಡಬ್ಬಿ ಪೂರ್ತಿ ಮಾಡಿ ತೋರಸು. ಆಗಲಿಲ್ಲಂದ್ರ ನಿನ್ನ ತಿರುಗಾಟ ಬಂದ್" ಎಂದುಬಿಟ್ಟ. ಅಂದಿನಿಂದ ಅಪ್ಪ-ಮಗಳಿಗೆ ಮಾತಿಲ್ಲ. ಅವನು ಉಂಡೆದ್ದ ಮೇಲೆ ಇವಳ ಊಟ.

"ಅವ್ವಾ, ನಿನ್ನ ಮೊಮ್ಮಗಳಿಗಿ ಫ್ಯಾನ್ ಆರಸಂತ ಹೇಳು."

"ಆಯಿ, ನಿನ್ನ ಮಗಗ ಆರಿಸೀನಂತ ಹೇಳು."

ಇಬ್ಬರೂ ನನ್ನ ಎಡಬಲದಲ್ಲೇ ನಿಂತಿರುತ್ತಿದ್ದರು.

ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿ ಇಟ್ಟು ಅವಳು ಹೇಳಿದಳು, "ಆಯಿ, ಇದು ನೋಡ್."

"ನೋಡಾಕತ್ತೇನಿ."

"ಅಲ್ಲಬೇ, ಇಂಗ್ಲಿಷಿನಾಗ ಅದರ ಹೆಸರೇ ನೋಡ್."

ಹೆಸರೇ ಹಾಗಿದ್ದ ಮೇಲೆ ನೋಡದೆ ಇರುವುದು ಹೇಗೆ? ಅದರ ಮುಂದೆ ಮಣೆ ಹಾಕಿಕೊಂಡು ಕುಳಿತೆ. ನೂರಕ್ಕೆ ಎಷ್ಟು ನಕಲು ಇಳಿಯಿತೆಂದು ಪರದೆಯ ಮೇಲೆ ಮೂವತ್ತು, ನಲವತ್ತು ಎಂದು ಅಂಕಿ ಏರುತ್ತಿತ್ತು. ಕರೆಂಟು ಹೋದರೆ ಅಲ್ಲೇ ನಿಲ್ಲುತ್ತಿತ್ತು. ಒಮ್ಮೆ ಸೊಸೆ ಮಿಕ್ಸಿಗೆಂದು ಅದರ ವೈರಿಗೇ ಕೈ ಹಾಕಿದಳು. "ಶೇಂಗಾ ಒಳ್ಳಾಗ ಕುಟ್ಟು" ಎಂದೆ. ಹತ್ತೊಂಬತ್ತು ದಿನ ನಮ್ಮ ಮನೆಯಲ್ಲಿ ಮಿಕ್ಸಿ ಕೂಗಲಿಲ್ಲ.

ಸಂಜೆ ಮಗ ಬಂದ. ಪರದೆಯ ಮೇಲಿನ ನೂರನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದ. ಕೈತೊಳೆದು ತಾಟಿನ ಮುಂದೆ ಕುಳಿತ. ನನ್ನ ಕಡೆ ತಿರುಗಲಿಲ್ಲ. ನೇರವಾಗಿ ಮಗಳ ಕೋಣೆಯತ್ತ ಕರೆದ, "ಬಾರವ್ವಾ, ಊಟಕ್ಕ."

ಬಂದಳು. ಎರಡನೇ ರೊಟ್ಟಿಗೆ ಕೇಳಿದ, "ನಾಳಿ ಜೇವರ್ಗಿಗಿ ಎಷ್ಟಕ್ಕ ಹೊಂಟಿ?"

"ಎಂಟಕ್ಕಪ್ಪಾ."

"ಬಸ್ಸು ಬ್ಯಾಡ. ನಾ ಬಿಡ್ತೇನಿ."

ಅವಳು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಲೇ ಇದ್ದಳು, ಒಂದು ಚೂರೂ ಬಾಯಿಗೆ ಹೋಗಲಿಲ್ಲ. ಮಗ ತನ್ನ ತಾಟಿನ ಪುಂಡಿಪಲ್ಯವನ್ನು ಅವಳ ಕಡೆ ಸರಿಸಿದ. ಸೊಸೆ ರೊಟ್ಟಿ ಬುಟ್ಟಿಯನ್ನು ನಡುವೆ ಇಟ್ಟು ತಾನೂ ನಮ್ಮೊಂದಿಗೆ ಕುಳಿತಳು.