ಹಗ್ಗ ಕಟ್ಟಿಸಿಕೊಂಡು ಬಂದು ಗೆದ್ದ ಕೆಂಪು ಕಾರಿನ ವಿಚಾರ

ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಬೆಲೆ ಕಟ್ಟುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿರುವ ಮಾನ್ಯ ಮೌಲ್ಯಮಾಪಕರೇ,

ಗ್ರೀಸ್ ಹತ್ತಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದುಕೊಂಡೇ ಈ ಪತ್ರಕ್ಕೆ ಕೂತಿದ್ದೇನೆ. ತಮ್ಮ ಬಿಳಿ ಕೈಗವಸಿಗೆ ಅಷ್ಟಾದರೂ ಮರ್ಯಾದೆ ಸಲ್ಲಬೇಕು. ನಾನೊಬ್ಬ ಮೆಕ್ಯಾನಿಕ್. ನಮ್ಮ ತಂದೆ ಬಿಟ್ಟುಹೋದ ಎರಡು ಕಾರುಗಳಲ್ಲಿ ಕೆಂಪು ಅಣ್ಣನ ಪಾಲಿಗೆ, ಹಸಿರು ಅಕ್ಕನ ಪಾಲಿಗೆ, ಎರಡರ ಚಾಕರಿ ನನ್ನ ಪಾಲಿಗೆ ಬಂತು. ಯಾವುದು ಮೇಲು ಎಂಬ ಅವರಿಬ್ಬರ ಇಪ್ಪತ್ತು ವರ್ಷದ ಜಗಳವನ್ನು ಒಂದೇ ಮಧ್ಯಾಹ್ನದಲ್ಲಿ, ಅದೂ ಕುರ್ಚಿ ಬಿಟ್ಟೇಳದೆ, ಬಗೆಹರಿಸಿದ ತಮಗೆ ನಮ್ಮ ಮನೆತನವೇ ಋಣಿ.

ಅಣ್ಣ ತನ್ನ ಕಾರಿಗೆ ಹೊದಿಕೆ ಹೊದಿಸಿ ಮಲಗಿಸಿ ಹತ್ತೊಂಬತ್ತು ವರ್ಷವಾಯಿತು. ತಾವು ಗೊತ್ತುಮಾಡಿದ ಮೈದಾನಕ್ಕೆ ಅದನ್ನು ಹಗ್ಗ ಕಟ್ಟಿ ಎಳೆದು ತಂದದ್ದು ಅಕ್ಕನ ಹಸಿರು ಕಾರೇ ಎಂಬುದನ್ನು ತಾವು ಕಣ್ಣಾರೆ ಕಂಡಿರಿ. ಆದರೂ ಕಣ್ಣಿಗೆ ಮರುಳಾಗದೆ, ಕಂಪನಿಯ ಹಳೆಯ ಕೈಪಿಡಿಯಲ್ಲಿ ಅಚ್ಚಾದ ವೇಗವನ್ನು ನಂಬಿ, ಓಟದಲ್ಲೂ ಕೆಂಪೇ ಮುಂದು ಎಂದು ಬರೆದಿರಿ. ಹಗ್ಗ ಉಜ್ಜಿದ ಗೀರಿಗೆ ಹಸಿರಿನ ಅಂಕವನ್ನೂ ಕಳೆದಿರಿ. ಇಂಥ ನಿಷ್ಪಕ್ಷಪಾತವನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಇನ್ನು ನನ್ನ ದಡ್ಡತನ. ಹಸಿರು ಕಾರಿಗೆ ಮಾಡಿದ ಪ್ರತಿಯೊಂದು ರಿಪೇರಿಯನ್ನೂ, ಬದಲಿಸಿದ ಪ್ರತಿಯೊಂದು ಬೋಲ್ಟನ್ನೂ ತಾರೀಖು ಸಮೇತ ಬರೆದಿಟ್ಟ ನೋಟ್‌ಬುಕ್ಕನ್ನು, ಶಭಾಷ್ ಅನ್ನುತ್ತೀರೆಂಬ ಆಸೆಯಿಂದ ನಾನೇ ತಮ್ಮ ಕೈಗಿತ್ತೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಒಂದೊಂದು ಸಾಲಿಗೂ ಒಂದೊಂದು ಅಂಕ ಹಾರಿಹೋಯಿತು. ಕೆಂಪಿಗೆ ನೋಟ್‌ಬುಕ್ಕೇ ಇರಲಿಲ್ಲವಾದ್ದರಿಂದ ಅದು 'ಅಪ್ಪಟ ಅಸಲಿ'ಯಾಗಿ ಸಂಗ್ರಾಹಕರ ಕಣ್ಮಣಿಯಾಯಿತು. ಹಸಿರಿನಲ್ಲಿ ತಾವು ಮೆಚ್ಚಿದ್ದು ಒಂದನ್ನೇ, ಎಡಗಡೆಯ ಗಾಜಿನ ಗಡಗಡ ಸದ್ದು. ಅದು ಹುಟ್ಟಿನಿಂದ ಬಂದದ್ದು, ಯಾರೂ ಮುಟ್ಟಕೂಡದು ಎಂದು ಅಪ್ಪಣೆಯಾಯಿತು.

ಇದೇ ಅಳತೆಗೋಲಿನಿಂದ ನಮ್ಮ ಮನೆಯವರನ್ನೂ ಅಳೆದುಕೊಡಬೇಕೆಂದು ವಿನಂತಿ. ಅಕ್ಕನ ಬಲ ಮಂಡಿಯನ್ನು ಹೋದ ವರ್ಷ ಬದಲಿಸಲಾಗಿದೆ, ಆದ್ದರಿಂದ ಅವಳ ಬೆಲೆ ಎಷ್ಟು ಇಳಿಯಿತೆಂದು ತಿಳಿಸಿ. ಅಣ್ಣ ಹುಟ್ಟಿದಂದಿನಿಂದ ಯಾರ ಉಪಯೋಗಕ್ಕೂ ಬಿದ್ದವನಲ್ಲ. ಅವನಿಗೊಂದು ಪ್ರಮಾಣಪತ್ರ ದಯಪಾಲಿಸಿ, ಗೋಡೆಗೆ ಹಾಕುತ್ತೇವೆ.

ತಮಾಷೆ ಸಾಕು. ಅಕ್ಕ ಮಕ್ಕಳಿಗೆ ಈಜು ಕಲಿಸುವವಳು. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಈಜುಕೊಳಕ್ಕೆ ಆ ಕಾರಿನಲ್ಲೇ ಹೋಗಿ, ಒದ್ದೆ ತಲೆಯನ್ನು ಗಾಳಿಗೆ ಒಣಗಿಸಿಕೊಳ್ಳುತ್ತಾ ವಾಪಸು ಬರುತ್ತಿದ್ದಳು. 'ಓಡಿಸಿದಷ್ಟೂ ಬೆಲೆ ಇಳಿಯುತ್ತದೆ, ಇನ್ನು ಓಡಿಸಕೂಡದು' ಎಂಬ ತಮ್ಮ ವರದಿಯ ಕೊನೆಯ ಸಾಲು ಓದಿದ ದಿನವೇ "ಓಡಿಸಿ ಓಡಿಸಿ ಅದರ ಇದ್ದಬದ್ದ ಮರ್ಯಾದೆನೂ ನಾನೇ ಕಳೀತೀನಿ, ಬೇಡಪ್ಪ" ಎಂದು ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಈಗ ಎರಡು ಬಸ್ಸು ಬದಲಿಸಿ, ಆ ಮಂಡಿಯಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಅಂಕ ಎಷ್ಟಾದರೂ ಕಳೆಯಿರಿ, ಆ ಒಂದು ಸಾಲನ್ನು ಮಾತ್ರ ಹೊಡೆದುಹಾಕಿ.

ಅನೇಕ ಬಿಡಿಭಾಗ ಬದಲಾದರೂ ಇನ್ನೂ ಓಡುತ್ತಿರುವ,
ತಮ್ಮ ವಿಶ್ವಾಸಿ,
ಹಸಿರು ಕಾರಿನ ಮೆಕ್ಯಾನಿಕ್

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವ ಮೊದಲೇ ಅಕ್ಕ ಈ ಪತ್ರವನ್ನು ಓದಿದಳು, ಕೀಲಿ ತೆಗೆದುಕೊಂಡು ಹೋದಳು. ಆದ್ದರಿಂದ ಮೇಲಿನ ವಿನಂತಿ ರದ್ದು. ತಮ್ಮ ವರದಿಯನ್ನು ನಾಲ್ಕು ಮಡಿಕೆ ಮಾಡಿ ಎಡಗಡೆಯ ಗಾಜಿನ ಸಂದಿಗೆ ಸಿಕ್ಕಿಸಿದ್ದಾಳೆ. ಇಷ್ಟು ವರ್ಷ ನನ್ನ ಕೈಲಾಗದ ಗಡಗಡ ಸದ್ದು ನಿಂತೇಹೋಯಿತು. ಅದೂ ಅಸಲಿ ಭಾಗವಲ್ಲವಾದ್ದರಿಂದ ದಯವಿಟ್ಟು ಇನ್ನೊಂದು ಅಂಕ ಕಳೆಯಿರಿ.