ಸೂಪರ್ ಹೀರೋಗೆ ಆಯುಧಪೂಜೆ

ಆಯುಧಪೂಜೆಯ ದಿನ ನಮ್ಮ ಮನೆಯ ಯಾವ ವಸ್ತುವಿಗೂ ಅನ್ಯಾಯ ಆಗಬಾರದು ಎಂಬುದು ನನ್ನ ಕಟ್ಟುನಿಟ್ಟು. ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ, ಯಜಮಾನರ ಸ್ಕೂಟರ್, ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಈ ಸಲ ಟಿವಿ ಮುಂದೆ ಮಗಳು ಸಿಂಧುವಿನ ವಿಡಿಯೋ ಗೇಮಿನ ಕಂಟ್ರೋಲರ್ ಕಣ್ಣಿಗೆ ಬಿತ್ತು. ಹೆಬ್ಬೆರಳಲ್ಲಿ ಅಲ್ಲಾಡಿಸಲು ಅಣಬೆಯಂಥ ಎರಡು ಗುಂಡಿ. ದಿನಾ ಅಷ್ಟೊಂದು ದುಷ್ಟರನ್ನು ಸಂಹಾರ ಮಾಡುವುದು ಅದರಿಂದಲೇ. ಇದಕ್ಕಿಂತ ದೊಡ್ಡ ಆಯುಧ ಮನೆಯಲ್ಲಿ ಇನ್ಯಾವುದು?

ಆಟದಲ್ಲಿ ಒಬ್ಬ ಸೂಪರ್ ಹೀರೋ. ದೊಡ್ಡ ಊರು, ಎಲ್ಲಿಗೆ ಬೇಕಾದರೂ ಹಾರಬಹುದು. ಒಂದು ವೆಬ್‌ಸೈಟಿನವರು ಸಿಂಧುವಿಗೆ ಅದನ್ನು ಕೊಟ್ಟು, ಆಡಿ ನೋಡಿ ಗುಣದೋಷ ಬರೆದು ಇವತ್ತು ಸಂಜೆಯೊಳಗೆ ಕಳಿಸು ಎಂದಿದ್ದರು. ಹಿಡಿಸಿದರೆ ಅಲ್ಲೇ ಕೆಲಸ! ಕೊನೆಯ ಯುದ್ಧ ಮಾತ್ರ ಬಾಕಿ ಇತ್ತು.

“ತಲೆಗ್ ನೀರ್ ಹಾಕ್ಕೊಂಡ್ ಬಂದು ಮುಗಿಸ್ತೀನಿ ಕಣಮ್ಮ” ಎಂದು ಆಟವನ್ನು ಹಾಗೇ ಬಿಟ್ಟು ಬಚ್ಚಲಿಗೆ ಹೋದಳು.

ಪೂಜೆಯಾದದ್ದನ್ನು ಅವತ್ತು ಮುಟ್ಟಬಾರದು ಎಂಬ ನಿಯಮವನ್ನು ಮಗಳ ಕೆಲಸಕ್ಕಾಗಿ ಸಡಿಲಿಸಿದೆ. ಗಂಧವನ್ನು ಮಾತ್ರ ಧಾರಾಳವಾಗಿ ಹಚ್ಚಿದೆ.

ಮಂಗಳಾರತಿ ಮುಗಿಸಿ ತಿರುಗಿದರೆ, ಟಿವಿಯಲ್ಲಿ ಹೀರೋ ತಾನಾಗಿಯೇ ಹಾರುತ್ತಿದ್ದಾನೆ! ಒಂದೇ ಕಟ್ಟಡವನ್ನು ಸುತ್ತುತ್ತಿದ್ದಾನೆ!

“ರೀ, ಬನ್ರೀ ಇಲ್ಲಿ! ಪೂಜೆ ಆಗಿದ್ದೇ ತಡ, ಪ್ರದಕ್ಷಿಣೆ ಹಾಕ್ತಾವ್ನೆ!”

ಯಜಮಾನರು ಕನ್ನಡಕ ಸರಿಮಾಡಿಕೊಂಡರು. “ಪ್ರದಕ್ಷಿಣೆ ಅಲ್ಲ ಕಣೇ. ಗುಂಡಿ ಸಂದೀಲಿ ನಿನ್ ಗಂಧ ಕಚ್ಕೊಂಡದೆ.”

ಹೊಲಿಗೆ ಯಂತ್ರ ಬಿಗಿಯಾದರೆ ನಾನು ಯಾರನ್ನೂ ಕರೆಯುವವಳಲ್ಲ. ಒಂದು ತೊಟ್ಟು ಎಣ್ಣೆ ಬಿಟ್ಟರೆ ಗಿರಗಿರ! ಸಿಂಧು ತಲೆಗೆ ಹಚ್ಚಿ ಉಳಿಸಿದ್ದ ಕೊಬ್ಬರಿ ಎಣ್ಣೆಯ ಬಟ್ಟಲು ಅಲ್ಲೇ ಇತ್ತು. ಒಂದು ತೊಟ್ಟು ಬಿಡಲು ಹೋದೆ. ಬಟ್ಟಲು ಮಗುಚಿತು. ಹೀರೋಗೂ ಅಭ್ಯಂಜನ!

ಗುಂಡಿ ಸಡಿಲವಾಯಿತು. ಪರೀಕ್ಷಿಸಬೇಕಲ್ಲ? ಕೂತೆ. ಬೆರಳು ಜಾರಿತು, ಹೀರೋ ಸಮುದ್ರಕ್ಕೆ ಬಿದ್ದ. ಎತ್ತಿದೆ, ಬಸ್ಸಿಗೆ ಗುದ್ದಿದ. ಆದರೂ ಒಂದು ಮೂಳೆಯೂ ಮುರಿಯಲಿಲ್ಲ, ಪುಣ್ಯವಂತ! ಹಾರಾಟವಂತೂ ಆಹಾ! ಚಾಮುಂಡಿ ಬೆಟ್ಟಕ್ಕೆ ಹೀಗೆ ಹೋಗುವಂತಿದ್ದರೆ ನನ್ನ ಮಂಡಿಗಳು ಎಷ್ಟು ಹರಸುತ್ತಿದ್ದವು!

“ಊರು ಎಷ್ಟ್ ಚೆಂದಾಗ್ ಕಟ್ಟವ್ರೆ ನೋಡ್ರೀ! ಆದ್ರೆ ಒಂದ್ ಮನೆ ಬಾಗ್ಲೂ ತೆಗೆಯಕ್ಕಿಲ್ವಲ್ಲ?”

“ಒಳಕ್ಕೋಗಿ ಏನ್ ಮಾಡ್ತಾನೆ?”

“ಇಷ್ಟ್ ಜನುನ್ನ ಉಳಿಸವ್ನೆ, ಒಂದ್ ಲೋಟ ಕಾಫಿಗೆ ಕರೆಯೋರಿಲ್ಲ! ಬೀದೀಲಿ ಸಿಕ್ಕೋರೆಲ್ಲ ಅದೇ ಒಂದ್ ಮಾತು ಆಡ್ತಾರೆ. ಕಳ್ರೂ ಅದದೇ ಕಳ್ರು. ಈಗ್ ತಾನೆ ಹೊಡ್ದೋನು ಮುಂದಿನ್ ಬೀದೀಲಿ ಮತ್ತೆ ನಿಂತವ್ನೆ!”

“ನೀನೆಲ್ಲೇ ಹೊಡ್ದೆ? ಎಣ್ಣೇಲಿ ಜಾರಿ ಅವನ್ ಮೇಲ್ ಬಿದ್ದೆ!”

ಅಷ್ಟರಲ್ಲಿ ಬೆರಳು ಇನ್ನೆಲ್ಲಿಗೋ ಜಾರಿ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದದ ಪ್ರಶ್ನೆಯೊಂದು ಬಂತು. ಕೆಳಗೆ ಯೆಸ್, ನೋ. ಹಬ್ಬದ ದಿನ ‘ಇಲ್ಲ’ ಅನ್ನಬಾರದು. ಯೆಸ್ ಒತ್ತಿದೆ. ಮತ್ತೆ ಕೇಳಿತು. ಮತ್ತೆ ಭಕ್ತಿಯಿಂದ ಒತ್ತಿದೆ.

ತಲೆಗೆ ಟವೆಲ್ ಸುತ್ತಿಕೊಂಡು ಸಿಂಧು ಬಂದಳು. ಟಿವಿ ನೋಡಿದಳು. ಟವೆಲ್ ಬಿತ್ತು.

“ಅಮ್ಮಾ! ಮೊದ್ಲಿಂದ ಶುರು ಮಾಡ್ಬುಟ್ಟಿದೀಯಲ್ಲ! ಹಳೇದೆಲ್ಲ ಅಳಿಸ್ಲಾ ಅಂತ ಕೇಳ್ಲಿಲ್ವಾ?”

“ಕೇಳ್ತು ಕಣವ್ವ. ಎರಡ್ ಸಲ ಕೇಳ್ತು. ಮರ್ಯಾದಸ್ಥ ಆಟ.”

“ಕೊನೇ ಯುದ್ಧ ಹೆಂಗಿತ್ತು ಅಂತ ಏನ್ ಬರೀಲಿ? ಕೆಲಸ ಹೋಯ್ತು, ಬುಡು!” ಎಂದು ನೆಲದ ಮೇಲೆ ಕೂತುಬಿಟ್ಟಳು. ನಾನು ಮನಸ್ಸಿನಲ್ಲೇ ತಾಯಿ ಚಾಮುಂಡಿಗೆ ತಪ್ಪುಕಾಣಿಕೆ ಹರಸಿಕೊಂಡೆ.

ಯಜಮಾನರು ಕೆಮ್ಮಿದರು. “ನಿಮ್ಮಮ್ಮ ಆವಾಗ್ಲಿಂದ ಅದರ ಗುಣದೋಷ ಒದರ್ತಾನೇ ಅವ್ಳೆ. ಅದನ್ನೇ ಬರೀಬಾರ್ದಾ?”

ಸಿಂಧು ಕಣ್ಣೊರೆಸಿಕೊಂಡಳು. “ಏನಂದೆ ಅಮ್ಮ? ಇನ್ನೊಂದ್ಸಲ ಹೇಳು.”

ಕಾಫಿಯಿಂದ ಕಳ್ಳರವರೆಗೆ ಎಲ್ಲ ಹೇಳಿದೆ. ಸಿಂಧು ಅದನ್ನೇ ಬರೆದು, ಕೊನೆಯ ಯುದ್ಧ ಆಡಲಾಗಲಿಲ್ಲ ಎಂದೂ ಒಪ್ಪಿಕೊಂಡು ಕಳಿಸಿದಳು.

ತಾಯಿ ಚಾಮುಂಡೇಶ್ವರಿ ದೊಡ್ಡವಳು. ಬರಹ ವೆಬ್‌ಸೈಟಿನವರಿಗೆ ಹಿಡಿಸಿತು, ಕೆಲಸವೂ ಸಿಕ್ಕಿತು! ಎಲ್ಲ ನಾನು ಹೇಳಿದ್ದೇ ಎಂದು ಬೀದಿಯವರಿಗೆಲ್ಲ ಮೊಬೈಲಿನಲ್ಲಿ ತೋರಿಸಿದೆ. ಎದುರು ಮನೆಯವರು ಗಟ್ಟಿಯಾಗಿ ಕೊನೆಯ ಸಾಲು ಓದುವವರೆಗೂ ನಾನದನ್ನು ನೋಡಿರಲಿಲ್ಲ.

“ಈ ಹೀರೋ ಎಂಥ ದುಷ್ಟನನ್ನಾದರೂ ಬಗ್ಗುಬಡಿಯುತ್ತಾನೆ. ನಮ್ಮಮ್ಮನ ಪೂಜೆಯೊಂದನ್ನು ತಾಳಲಾರ!”

ಪುಣ್ಯಕ್ಕೆ ಸಿಂಧು ಅದರಲ್ಲಿ ನನ್ನ ಹೆಸರು ಹಾಕಿರಲಿಲ್ಲ. ಆ ಕೆಲಸವನ್ನು ನಾನೇ ಬೀದಿ ತುಂಬ ಮಾಡಿ ಬಂದಿದ್ದೆ!