ಅಕ್ಕನ ಬುತ್ತಿಯ ಎಣ್ಣೆಯನ್ನು ಕುರಿತು

ನಮ್ಮ ಅಂಗಿ ಕಾರ್ಖಾನೆಯ ವ್ಯವಸ್ಥಾಪಕರ ಸನ್ನಿಧಾನಕ್ಕೆ, ಕಾಲರ್ ಹೊಲಿಯುವ ಸಾಲಿನಿಂದ, ಮಷಿನ್ ನಿಲ್ಲಿಸದೆಯೇ ಸಲ್ಲಿಸುತ್ತಿರುವ ನಮಸ್ಕಾರಗಳು.

ಮಾನ್ಯರೇ,

ಇಸ್ತ್ರಿ ವಿಭಾಗದಲ್ಲಿ ದುಡಿಯುವ ನನ್ನ ಅಕ್ಕ ಕಳೆದ ವಾರ ಕೆಲಸದ ನಡುವೆಯೇ ರಕ್ತ ಕಾರಿ ಆಸ್ಪತ್ರೆ ಸೇರಿದ್ದು ತಮಗೆ ತಿಳಿದೇ ಇದೆ. ಅವಳ ಹೊಟ್ಟೆಯ ಹುಣ್ಣಿಗೆ ಮನೆಯಿಂದ ತರುವ ಎಣ್ಣೆ ಪದಾರ್ಥವೇ ಕಾರಣ, ಇದು ಕೈಯಾರೆ ತಂದುಕೊಂಡ ಕಾಯಿಲೆ, ಸೋಮವಾರ ಹಾಜರಾಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ತಾವು ಬಾಗಿಲಿಗೆ ಅಂಟಿಸಿದ ಪ್ರಕಟಣೆಯನ್ನು ಓದಿ, ಇಂತಹ ಮಹಾವೈದ್ಯರನ್ನು ಗುಂಡಿ, ಕಾಜಗಳ ಉಸ್ತುವಾರಿಗೆ ಕೂರಿಸಿರುವುದು ಲೋಕಕ್ಕಾದ ನಷ್ಟವೆಂದು ನಾವೆಲ್ಲ ಮರುಗಿದೆವು.

ಆಸ್ಪತ್ರೆಯ ಡಾಕ್ಟರಮ್ಮ, ಪಾಪ, ತಮ್ಮಷ್ಟು ತಿಳಿದವರಲ್ಲ. ಅವರ ಪ್ರಕಾರ ಜಿಡ್ಡನ್ನು ಅರಗಿಸುವುದರಲ್ಲಿ ಜಠರದ ಪಾಲು ಸಣ್ಣದು; ಅದು ಸಣ್ಣ ಕರುಳಿಗೆ ಇಳಿದ ಮೇಲೆ, ಸೋಪು ಪಾತ್ರೆಯ ಜಿಡ್ಡನ್ನು ಬಿಡಿಸುವಂತೆ ಪಿತ್ತರಸವು ಅದನ್ನು ಹನಿಹನಿಯಾಗಿ ಒಡೆಯುತ್ತದೆ, ಮೇದೋಜೀರಕ ಗ್ರಂಥಿಯ ರಸ ಉಳಿದ ಕೆಲಸ ಮುಗಿಸುತ್ತದೆ. ಅಕ್ಕನಿಗೆ ಹುಣ್ಣು ಮಾಡಿದ್ದು ಎಣ್ಣೆಯಲ್ಲ, ದಿನವೂ ನುಂಗಿದ ನೋವಿನ ಮಾತ್ರೆ, ಅದೂ ಖಾಲಿ ಹೊಟ್ಟೆಗೆ.

ಆ ಮಾತ್ರೆಗಳು ತಮ್ಮ ಮೇಜಿನ ಡ್ರಾಯರ್‌ನಲ್ಲೇ ಇರುವುದು. ಸೊಂಟ ನೋವೆಂದವರಿಗೆ ಕೂರಲು ಒಂದು ಸ್ಟೂಲು ಕೊಡದೆ ಪೆಪ್ಪರ್‌ಮೆಂಟಿನಂತೆ ಮಾತ್ರೆ ಹಂಚುವ, ದಿನದ ಗುರಿ ಮುಟ್ಟುವವರೆಗೆ ಊಟದ ಗಂಟೆಯನ್ನೇ ಬಾರಿಸದ ತಮ್ಮ ಮಾತೃಹೃದಯದಿಂದಾಗಿ, ನಾವು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಊರಿಗೆಲ್ಲ ಅಂಗಿ ಹೊಲಿಯುತ್ತಿದ್ದೇವೆ. ತಾವು ಅಪರಾಧಿಯೆಂದು ಹಿಡಿದ ಬುತ್ತಿ ಎಷ್ಟೋ ದಿನ ಮುಚ್ಚಳ ತೆರೆಯದೆ ಮನೆಗೆ ಮರಳಿದೆ. ಅದನ್ನು ಸಂಜೆ ತಿಂದು ಅರಗಿಸಿಕೊಂಡ ಅವಳ ಮಗಳು ಬೀದಿಯಲ್ಲಿ ಹಾಯಾಗಿ ಕುಂಟೆಬಿಲ್ಲೆ ಆಡುತ್ತಿದ್ದಾಳೆ. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಗೂ ತಮ್ಮಿಂದ ಕಲಿಯುವುದಿದೆ.

ಇನ್ನು ನಮ್ಮ ವಿನಂತಿ. ಗುರಿ ಮುಟ್ಟುವ ಮೊದಲು ಒಂದು ಹನಿಯೂ ಒಸರಕೂಡದೆಂದು ಜಠರದ ಆಮ್ಲಕ್ಕೂ ಒಂದು ಪ್ರಕಟಣೆ ಹೊರಡಿಸಿ. ಅಪ್ಪಣೆಯಿಲ್ಲದೆ ಪಿತ್ತ ಸುರಿಸುವ ಪಿತ್ತಕೋಶಗಳನ್ನು ಅಮಾನತಿನಲ್ಲಿಡಿ. ಬೆಳಿಗ್ಗೆ ಗೇಟಿನ ಬಳಿ ನಮ್ಮ ಹೊಟ್ಟೆಗಳನ್ನು ಕಳಚಿ ತೂಗುಹಾಕಲು ಸಾಲಾಗಿ ಮೊಳೆ ಹೊಡೆಸಿ. ಇದೆಲ್ಲ ಕಷ್ಟವೆನಿಸಿದರೆ ಊಟದ ಗಂಟೆಯನ್ನು ಹೊತ್ತಿಗೆ ಸರಿಯಾಗಿ ಬಾರಿಸಿ, ಅಕ್ಕ ಗುಣವಾಗಿ ಬರುವವರೆಗೆ ಅವಳ ಜಾಗ ಅವಳಿಗೇ ಇರಲಿ. ಅವಳ ದುಡಿಮೆಯೊಂದರಿಂದಲೇ ಆ ಮನೆಯ ಒಲೆ ಉರಿಯುತ್ತಿದೆ. ನನಗೆ ವಿಪರೀತ ಸಿಟ್ಟು ಬಂದಿದೆ ಮಾನ್ಯರೇ, ವಿನಯದ ಮಾತು ಹುಡುಕಿ ಹುಡುಕಿ ಸಾಕಾಗಿದೆ.

ತಾವು ಕಲಿಸಿದಷ್ಟೇ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಕಾಲರ್ ಹೊಲಿಯುವವಳು

ತಾ.ಕ.: ಅಕ್ಕ ರಕ್ತ ಕಾರಿ ಕುಸಿದಾಗ ತಾವು ಊಟದ ಕೈ ಒರೆಸಿಕೊಳ್ಳುತ್ತ ಕೋಣೆಯಿಂದ ಹೊರಬಂದು, "ಅಯ್ಯೋ, ಬಟ್ಟೆಗೇನಾದ್ರೂ ತಾಗ್ತೇನ್ರೀ?" ಎಂದು ಕೇಳಿದಿರಿ. ಆ ಗಲಾಟೆಯಲ್ಲಿ ಯಾರೂ ಉತ್ತರಿಸಲಿಲ್ಲ, ಮನ್ನಿಸಬೇಕು. ತಾಗಲಿಲ್ಲ. ಎದುರಿಗೇ ಬಿಳಿ ಅಂಗಿಗಳ ರಾಶಿ ಇತ್ತು. ಅಕ್ಕ ಎರಡೂ ಕೈ ಬೊಗಸೆ ಮಾಡಿ ಹಿಡಿದಳು.